72 ಬರ್ತ್ 18,432 ಆಗುವ ಬಗೆ

1985ರ ನವೆಂಬರಿನಲ್ಲಿ ನವದೆಹಲಿಯ ರೈಲು ಟಿಕೆಟ್ ಕಾಯ್ದಿರಿಸುವಿಕೆ ದಪ್ಪ ಲೆಡ್ಜರುಗಳಿಂದ ಕಂಪ್ಯೂಟರಿಗೆ ಬಂತು. ಸಿಎಂಸಿ ಸಂಸ್ಥೆಯ ಜೊತೆ ರೈಲ್ವೆ ಕಟ್ಟಿದ ಆ ವ್ಯವಸ್ಥೆಗೆ ಇಂಪ್ರೆಸ್ ಎಂದು ಹೆಸರು. ಮರುವರ್ಷ ಹುಟ್ಟಿದ ‘ಕ್ರಿಸ್’ ಎಂಬ ರೈಲ್ವೆ ತಂತ್ರಾಂಶ ಸಂಸ್ಥೆ ಚಾಣಕ್ಯಪುರಿಯಲ್ಲಿ ನೆಲೆಯೂರಿತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್‌ಗಳ ಐದೂ ಕೇಂದ್ರಗಳನ್ನು 1999ರಲ್ಲಿ ಕಾನ್ಸರ್ಟ್ ತಂತ್ರಾಂಶ ಬೆಸೆಯಿತು. ದೆಹಲಿಯ ಕೌಂಟರಿನಲ್ಲಿ ನಿಂತವರಿಗೆ ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್‌ನ ಬರ್ತ್ ಬೇಕೆಂದರೆ, ಲೆಕ್ಕ ಚೆನ್ನೈ ಕೇಂದ್ರದಿಂದ ಬರಬೇಕು.

ಲೆಕ್ಕ ತಂತಿಯಲ್ಲಿ ಹರಿಯುವುದು ಬೈಟ್‌ಗಳಾಗಿ. ಒಂದು ಬೈಟಿನಲ್ಲಿ ಹಿಡಿಸುವುದು 0ಯಿಂದ 255ರವರೆಗೆ ಮಾತ್ರ. ಹಾಗಾಗಿ ಚಿಕ್ಕ ಪೂರ್ಣಾಂಕಕ್ಕೂ ಎರಡು ಬೈಟ್ ಕೊಡುವುದು ರೂಢಿ. ಹಳೆಯ ಸ್ಲೀಪರ್ ಬೋಗಿಯ 72 ಬರ್ತ್ ಎಂದರೆ 256ರ ಗುಂಪುಗಳನ್ನು ಎಣಿಸುವ ಹಿರಿಯ ಬೈಟಿನಲ್ಲಿ 0, ಬಿಡಿಯನ್ನು ಎಣಿಸುವ ಕಿರಿಯದರಲ್ಲಿ 72. ಯಾವುದು ಮುಂದೆ? ಇಂಪ್ರೆಸ್ ಓಡಿದ ವ್ಯಾಕ್ಸ್ ಯಂತ್ರ ಕಿರಿಯ ಬೈಟನ್ನು ಮುಂದಿಡುವ ಜಾತಿಯದು. ಐಬಿಎಂ ಮೇನ್‌ಫ್ರೇಮ್ ಹಿರಿಯದನ್ನು. ಒಂದರ ಬರಹವನ್ನು ಇನ್ನೊಂದು ಹಾಗೇ ಓದಿಕೊಂಡರೆ 72 ಬರ್ತ್ 18,432 ಆಗಿಬಿಡುತ್ತದೆ. ಒಂದು ಬೈಟೂ ಕಳೆದಿಲ್ಲ, ತಪ್ಪಾಯಿತೆಂದು ಯಂತ್ರ ಕೂಗಿಕೊಳ್ಳುವುದೂ ಇಲ್ಲ. ಈ ದೋಷದ ಕೇಡು ಇರುವುದೇ ಅಲ್ಲಿ. ಗಣಕ ವಿಜ್ಞಾನಿ ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರಂದು ಈ ಜಗಳದ ಬಗ್ಗೆ ಬರೆದಾಗ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಗಲಿವರನ ಕಥೆಯ ಪಂಗಡಗಳ ಹೆಸರನ್ನೇ ಎರಡೂ ಪಕ್ಷಕ್ಕೆ ಅಂಟಿಸಿದರು. ಅಂತರ್ಜಾಲದ ನಿಯಮಗಳು ಹಿರಿಯ ಬೈಟಿನ ಪರ ನಿಂತವು. ಇಂಟೆಲ್ ಪ್ರೊಸೆಸರ್‌ಗಳು ಕಿರಿಯ ಬೈಟಿನ ಪಕ್ಷ. ಹೀಗಾಗಿ ಕಳಿಸುವಾಗೊಮ್ಮೆ, ಪಡೆದಾಗೊಮ್ಮೆ ತಿರುವಿಹಾಕುವ ಕೆಲಸ ಇಂದಿಗೂ ತಪ್ಪಿಲ್ಲ.

ಬೈಟ್‌ಗಳ ಕ್ರಮವಷ್ಟೇ ಅಲ್ಲ, ಸಂಖ್ಯೆಗೆ ಎಷ್ಟು ಬೈಟ್ ಎಂಬ ಅಗಲವೂ ಮುಖ್ಯ. ಟಿಕೆಟ್ಟಿನ ಗುರುತು ಸಂಖ್ಯೆಯಾದ ಪಿಎನ್‌ಆರ್‌ಗೆ ಹತ್ತು ಅಂಕಿ. ದೆಹಲಿಯಿಂದ ಹೊರಡುವ ರೈಲಿನದು ಸಾಮಾನ್ಯವಾಗಿ 2ರಿಂದ, ಬೆಂಗಳೂರಿನದು 4ರಿಂದ ಶುರು. ನಾಲ್ಕು ಬೈಟಿನ ಪೂರ್ಣಾಂಕ, ಋಣಸಂಖ್ಯೆಗೂ ಜಾಗ ಬಿಟ್ಟರೆ, 2,14,74,83,647ಕ್ಕೆ ನಿಲ್ಲುತ್ತದೆ, ಬಿಡದಿದ್ದರೂ 4,29,49,67,295ಕ್ಕೆ. ಮೊದಲನೆಯದರಲ್ಲಿ ಎರಡೂ ಊರಿನ ಬಹುಪಾಲು ಟಿಕೆಟ್ ಹೊರಗೆ, ಎರಡನೆಯದರಲ್ಲೂ ಬೆಂಗಳೂರಿನ ಬಹುಪಾಲು ಹೊರಗೆ! ಎಂಟು ಬೈಟ್ ಕೊಡಬಹುದು. ಆದರೆ ಪಿಎನ್‌ಆರ್‌ಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದನ್ನು ಅಕ್ಷರಗಳ ಸಾಲಾಗಿ ಕಳಿಸುವುದೇ ಜಾಣತನ.

ಹಣದ ವಿಷಯ ಬೇರೆ, ಅದನ್ನು ಕೂಡಲೇಬೇಕು. ಐಆರ್‌ಸಿಟಿಸಿಯಲ್ಲಿ ಪ್ರಯಾಣವಿಮೆಗೆ ತಲೆಗೆ 45 ಪೈಸೆ. 0.45 ಎಂಬುದು ಎರಡರ ಎಣಿಕೆಯಲ್ಲಿ ಮುಗಿಯದ ಭಿನ್ನರಾಶಿ, ನಮ್ಮ ಎಣಿಕೆಯಲ್ಲಿ 1/3 ಇದ್ದ ಹಾಗೆ. ತೇಲುಬಿಂದು ಸಂಖ್ಯೆಯಾಗಿ ಕಳಿಸಿದರೆ ತುದಿ ಕತ್ತರಿಸಿಯೇ ಹೋಗುತ್ತದೆ. ಲಕ್ಷಾಂತರ ಟಿಕೆಟ್ ಕೂಡಿದಾಗ ಲೆಕ್ಕ ಜಾರುತ್ತದೆ. ಆದ್ದರಿಂದ ದತ್ತಸಂಚಯಗಳು ಹಣಕ್ಕೆ ದಶಮಾಂಶದ ಪ್ರಕಾರವನ್ನೇ ಬೇರೆ ಇಟ್ಟಿವೆ. ಅಂಥ ಒಂದು ದತ್ತಸಂಚಯ ಪೋಸ್ಟ್‌ಗ್ರೆಸ್ ತನ್ನ ದ್ವಿಮಾನ ರೂಪದಲ್ಲಿ ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಗಳ ಕಟ್ಟಾಗಿ ಒಡೆಯುತ್ತದೆ: 35.85 ರೂಪಾಯಿ ಹೊರಟರೆ 35 ಒಂದು ಕಟ್ಟು, 8500 ಇನ್ನೊಂದು. ಬಿಂದು ಎಲ್ಲಿ, ಚಿಹ್ನೆ ಯಾವುದು ಎಂಬ ಸೂಚನೆ ಮುಂದೆ ಕುಳಿತಿರುತ್ತದೆ. ಕಟ್ಟಿಗೆ ಎರಡು ಬೈಟ್, ಅದರಲ್ಲೂ ಹಿರಿಯದೇ ಮೊದಲು.