ತೊಟ್ಟೆ ತಂದವರಿಗೆ ಗಂಟೆ ಬಾರಿಸುವ ಹಕ್ಕು

ನಮ್ಮ ಕಾಸರಗೋಡು ಕಡೆಯ ಹಳ್ಳಿಮನೆಗಳಲ್ಲಿ ಪ್ಲಾಸ್ಟಿಕ್ ತೊಟ್ಟೆಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಬಚ್ಚಲ ಒಲೆಗೆ. ಮಳೆಗಾಲದಲ್ಲಿ ಒದ್ದೆ ಮಡಲಿಗೆ ಬೆಂಕಿ ಹಿಡಿಯಬೇಕಾದರೆ ಹಾಲಿನ ತೊಟ್ಟೆ ಒಂದನ್ನು ತುರುಕಿದರೆ ಆಯಿತು. ಆ ಹೊಗೆ ಕುಡಿಯುವವರು ಬೆಳಗ್ಗೆ ಎದ್ದು ಸ್ನಾನದ ನೀರು ಕಾಯಿಸುವ ಹೆಂಗಸರು. ಹರಿತ ಕರ್ಮಸೇನೆಯ ಮಹಿಳೆಯರು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ನಿಜ. ಆದರೆ "ತಿಂಗಳಿಗೆ ಐವತ್ತು ರೂಪಾಯಿ ಯಾಕೆ ಮಾರಾಯ್ರೆ, ಒಲೆ ಉಂಟಲ್ಲ" ಎನ್ನುವವರು ಈಗಲೂ ಇದ್ದಾರೆ.

ದೊಡ್ಡವರಿಗೆ ಹೇಳಿ ಈ ಅಭ್ಯಾಸ ಬಿಡಿಸುವುದು ಕಷ್ಟ. ಮಕ್ಕಳು ಬಿಡಿಸಿದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ ನಾನೂ ಒಬ್ಬ ಸದಸ್ಯ. ಅಲ್ಲಿ ನಡೆದ ಸ್ಪರ್ಧೆಯ ವಿಚಾರವನ್ನು ಬೇರೆ ಊರಿನವರಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಇಂಥ ಕೆಲಸ ಕೇರಳದ ಶಾಲೆಗಳಿಗೆ ಹೊಸತೇನಲ್ಲ. ಮಲಯಾಳಂ ದಿನಪತ್ರಿಕೆ ಮಾತೃಭೂಮಿ 2009ರಲ್ಲಿ ಆರಂಭಿಸಿದ 'ಸೀಡ್' ಯೋಜನೆಯಲ್ಲಿ ಮಕ್ಕಳು ಮನೆಯ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಮರುಬಳಕೆಗೆ ಕೊಡುವುದುಂಟು, ಚೆನ್ನಾಗಿ ಮಾಡಿದ ಶಾಲೆಗಳಿಗೆ ಬಹುಮಾನವೂ ಉಂಟು. ಹರಿತ ಕೇರಳಂ ಮಿಷನ್ ಬರೆದು ಮುಗಿದ ಪೆನ್ನು ಹಾಕಲು 'ಪೆನ್ ಫ್ರೆಂಡ್' ಪೆಟ್ಟಿಗೆಗಳನ್ನು ಶಾಲೆಗಳಲ್ಲಿ ಇರಿಸಿತ್ತು. ನಮ್ಮ ಶಾಲೆಯದು ಅಷ್ಟು ದೊಡ್ಡ ಸಂಗತಿಯಲ್ಲ. ಐದರಿಂದ ಏಳರವರೆಗಿನ ಮಕ್ಕಳನ್ನು ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ನಮ್ಮ ಹೊಳೆಗಳ ಹೆಸರಿನಲ್ಲಿ ನಾಲ್ಕು ತಂಡ ಮಾಡಿದರು. ಗೆದ್ದವರಿಗೆ ದುಡ್ಡಿಲ್ಲ, ಕಪ್ಪಿಲ್ಲ. ಒಂದು ತಿಂಗಳು ಶಾಲೆಯ ಗಂಟೆ ಬಾರಿಸುವ ಹಕ್ಕು! ಇದನ್ನು ಯೋಚಿಸಿದ ಮುಖ್ಯೋಪಾಧ್ಯಾಯಿನಿಯವರ ಬುದ್ಧಿಯನ್ನು ಮೆಚ್ಚಬೇಕು. ಆ ಗಂಟೆಗಾಗಿ ಮಕ್ಕಳು ಮಾಡಿದ್ದನ್ನು ಸಾವಿರ ರೂಪಾಯಿಗೂ ಮಾಡುತ್ತಿರಲಿಲ್ಲ.

ಮೊದಲ ತಿಂಗಳು ತೂಕದ ಲೆಕ್ಕ. ಯಾರದು ಹೆಚ್ಚು ಕಿಲೋ, ಅವರಿಗೆ ಗೆಲುವು. ಅಲ್ಲಿಯೇ ಎಡವಟ್ಟು. ಅರ್ಧ ಲೀಟರಿನ ಹಾಲಿನ ತೊಟ್ಟೆ ಒಂದು ಕಿಲೋ ತೂಗಬೇಕಾದರೆ ಸುಮಾರು ಮುನ್ನೂರು ಬೇಕು. ಬಡವರ ಮನೆಯ ಮಗು ತಿಂಗಳಿಡೀ ಕೂಡಿಹಾಕಿದರೂ ಅಷ್ಟಾಗುವುದಿಲ್ಲ. ಅಂಗಡಿಯವರ ಮಗ ಖಾಲಿ ಚೀಲದ ಒಂದು ಕಟ್ಟು ಹೊತ್ತು ತಂದರೆ ಮುಗಿಯಿತು. ಒಬ್ಬ ಹುಡುಗ ಕಾಗದಕ್ಕೆ ನೀರು ಚಿಮುಕಿಸಿ ತಂದ. ಇನ್ನೊಬ್ಬ ಅಪ್ಪನ ಅಂಗಡಿಯಿಂದ ಹೊಸ ಕ್ಯಾರಿಬ್ಯಾಗಿನ ಕಟ್ಟನ್ನೇ ಎತ್ತಿಕೊಂಡು ಬಂದ. ಕೇರಳದಲ್ಲಿ 2020ರ ಜನವರಿಯಿಂದ ನಿಷೇಧವಿರುವ ಆ ಕಟ್ಟು ಅಂಗಡಿಯಲ್ಲಿ ಹೇಗೆ ಉಳಿಯಿತು ಎಂದು ನಾವು ಯಾರೂ ಕೇಳಲಿಲ್ಲ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆರನೆಯ ತರಗತಿಯ ಹುಡುಗನೊಬ್ಬ ತೋಟದ ಶೆಡ್ಡಿನಿಂದ ತಂದ ಕೀಟನಾಶಕದ ಕ್ಯಾನು. ತಳದಲ್ಲಿ ಇನ್ನೂ ಮದ್ದು ಉಳಿದಿತ್ತು.

ಮರುದಿನವೇ ಸಭೆ ಕರೆದರು. ಒಬ್ಬ ವ್ಯಾಪಾರಿ ಮಿತ್ರರು ಎದ್ದು ನಿಂತು, "ನಾವು ಮಕ್ಕಳನ್ನು ಕಳಿಸುವುದು ಅಕ್ಷರ ಕಲಿಯಲಿಕ್ಕೆ, ಗುಜರಿ ಹೆಕ್ಕಲಿಕ್ಕಲ್ಲ" ಎಂದರು. ಕೆಲವರು ತಲೆಯಾಡಿಸಿದರು. ಟೀಚರು ಶಾಂತವಾಗಿ ಹೇಳಿದರು: "ಅಂಗಳದಲ್ಲಿ ಬೀಳುವುದು ಹೆಚ್ಚಾಗಿ ನಿಮ್ಮ ಅಂಗಡಿಯ ಪೊಟ್ಟಣವೇ ಅಣ್ಣ. ಹೆಕ್ಕುವುದು ಬೇಡ ಅಂದ್ರೆ ಎಂತ ಮಾಡುವ ಹೇಳಿ." ಸ್ಪರ್ಧೆ ಉಳಿಯಿತು, ನಿಯಮ ಬದಲಾಯಿತು.

ತೂಕವನ್ನು ತೆಗೆದುಬಿಟ್ಟರು. ತಂಡದಲ್ಲಿ ಎಷ್ಟು ಮಕ್ಕಳು ತಂದರು ಎಂಬುದಕ್ಕೆ ಅಂಕ. ಒಬ್ಬ ಎಷ್ಟೇ ತಂದರೂ ಒಂದೇ ಅಂಕ. ತೊಳೆದು, ಒಣಗಿಸಿ, ಬೇರ್ಪಡಿಸಿ ತಂದರೆ ಇನ್ನೊಂದು. ಹಾಲಿನ ತೊಟ್ಟೆಯ ಮೂಲೆಯ ಚೂರು ಪೂರ್ತಿ ತುಂಡಾಗದೆ ತೊಟ್ಟೆಯಲ್ಲೇ ಉಳಿದಿದ್ದರೆ ಮತ್ತೊಂದು, ಏಕೆಂದರೆ ಆ ಚೂರು ನೆಲಕ್ಕೆ ಬಿದ್ದರೆ ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಮದ್ದಿನ ಬಾಟ್ಲಿ, ಮೈಲುತುತ್ತಿನ ಚೀಲ, ಒಡೆದ ಗಾಜು, ಬ್ಯಾಟರಿ ತಂದರೆ ತಂಡದ ಆ ದಿನದ ಅಂಕವೆಲ್ಲ ಹೋಯಿತು. ಪಂಚಾಯತಿನಿಂದ ಬಂದ ಕರಪತ್ರ ಮಲಯಾಳದಲ್ಲಿತ್ತು. ಮಕ್ಕಳೇ ಓದಿ, ಪೆಟ್ಟಿಗೆಗಳ ಮೇಲೆ ಎರಡೂ ಲಿಪಿಗಳಲ್ಲಿ ಬರೆದು ಅಂಟಿಸಿದರು.

ಬೇರ್ಪಡಿಸುವ ಮಾತು ಬಂದಾಗ ಮೇಲೆ ಬಂದವಳು ಶಿರಿಯ ತಂಡದ ಒಬ್ಬ ಹುಡುಗಿ. ಅವಳ ಅಪ್ಪ ಗಾಡಿ ತೆಗೆದುಕೊಂಡು ಮನೆಮನೆ ತಿರುಗಿ ಗುಜರಿ ಕೊಳ್ಳುವವರು. ಅದಕ್ಕಾಗಿ ಅವಳನ್ನು ತರಗತಿಯಲ್ಲಿ ಕೆಣಕುವುದೂ ಇತ್ತು. ಮೆತ್ತಗಿದ್ದು, ಎಳೆದರೆ ಹಿಗ್ಗುವುದು ಹಾಲಿನ ತೊಟ್ಟೆಯ ಜಾತಿ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸಿನ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಪುನಃ ಬಿಚ್ಚಿಕೊಳ್ಳುತ್ತದೆ, ಅದನ್ನು ಗುಜರಿಯವರು ಕೊಳ್ಳುವುದಿಲ್ಲ. ನೀರಿನ ಬಾಟ್ಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ, ಮುಚ್ಚಳ ಬೇರೆ ಜಾತಿ. ಇವಿಷ್ಟನ್ನೂ ಅವಳು ಉಳಿದವರಿಗೆ ಕಲಿಸಿದಳು. ಕಲಿಯಲು ಬಂದವರಲ್ಲಿ ಬೇರೆ ತಂಡದವರೂ ಇದ್ದರು. ಆ ತಿಂಗಳು ಗಂಟೆ ಶಿರಿಯ ತಂಡದ್ದು. ಮೊದಲ ದಿನ ಬಾರಿಸಿದವಳು ಅವಳೇ, ಅದೂ ಒಂದು ನಿಮಿಷ ಮುಂಚಿತವಾಗಿ.

ಕಾಗದ, ಬಾಟ್ಲಿ, ತೊಟ್ಟೆ ಗುಜರಿಗೆ ಹೋಗುತ್ತವೆ. ಗುಜರಿಗೆ ಬೇಡವಾದ ಪೊಟ್ಟಣಗಳನ್ನು ಕರ್ಮಸೇನೆಗೆ ಕೊಡುತ್ತಾರೆ. ಅಂಥವು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗುವುದುಂಟು. ಕರ್ಮಸೇನೆಗೆ ಕೊಡುವ ಹಣ ಕಾಗದ ಮಾರಿದ್ದರಿಂದಲೇ ಹುಟ್ಟುತ್ತದೆ. ಲೆಕ್ಕವನ್ನು ಏಳನೆಯ ತರಗತಿಯವರು ಬೋರ್ಡಿನಲ್ಲಿ ಬರೆದಿಡುತ್ತಾರೆ. ವ್ಯಾಪಾರಿಗಳಾದ ನಮ್ಮಲ್ಲಿ ಕೆಲವರ ಪುಸ್ತಕಕ್ಕಿಂತ ಅದು ಚೊಕ್ಕ ಉಂಟು.

ಮನೆಗಳಲ್ಲಿ ಏನಾಯಿತೆಂದರೆ, ನನ್ನ ಮನೆಯಲ್ಲೇ ಹಾಲಿನ ತೊಟ್ಟೆ ಈಗ ಬಟ್ಟೆ ಒಣಗಿಸುವ ಹಗ್ಗದಲ್ಲಿ ನೇತಾಡುತ್ತದೆ. ಮೊಮ್ಮಗ ಶಾಲೆಗೆ ಹೊರಡುವ ಮೊದಲು ಎಣಿಸುತ್ತಾನೆ. ಒಂದು ಕಮ್ಮಿಯಾದರೆ ಅಜ್ಜಿಗೆ ವಿಚಾರಣೆ.

ತೋಟದ ಮದ್ದಿನ ಬಾಟ್ಲಿ ಮಾತ್ರ ಮಕ್ಕಳ ಪಾಲಿನದ್ದಲ್ಲ. ಮದ್ದು ಕಲಸುವಾಗಲೇ ಅದನ್ನು ಮೂರು ಸಲ ನೀರಿನಲ್ಲಿ ಕುಲುಕಿ ತೊಳೆದು, ಆ ನೀರನ್ನು ಸಿಂಪಡಿಸುವ ಮದ್ದಿಗೇ ಸೇರಿಸಿ, ಮತ್ತೆ ಬಳಸದಂತೆ ತೂತು ಮಾಡಿ ಬೇರೆ ಇಡಬೇಕಾದವರು ನಾವು. ರಬ್ಬರ್ ಮರಗಳಿಗೆ ಮಳೆಗಾಲದಲ್ಲಿ ಕಟ್ಟುವ ಪ್ಲಾಸ್ಟಿಕ್ ಅಂಚಿನದ್ದು ಇನ್ನೊಂದು ಕಥೆ. ಬಿಚ್ಚುವಾಗ ಅಂಟು ಹಿಡಿದಿರುತ್ತದೆ, ಗುಜರಿಯವರು ಮುಟ್ಟುವುದಿಲ್ಲ. ಅದನ್ನು ಯಾರು ತೆಗೆದುಕೊಳ್ಳುತ್ತಾರೆ, ಸಾಗಿಸುವ ಖರ್ಚು ಯಾರದು ಎಂಬ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದೇವೆ.