ಬೇಳೆ ಬೇಯದ ನೀರು, ಹಳದಿ ತಿರುಗುವ ಚಿಗುರು

ಕುಂಡದ ಕರಿಬೇವಿನಲ್ಲಿ ಹೊಸ ಚಿಗುರೇನೋ ಬಂದಿದೆ, ಹಸಿರು ಮಾತ್ರ ಇಲ್ಲ. ಎಲೆಯ ನರಗಳಷ್ಟೇ ತೆಳು ಹಸಿರು ಗೆರೆಗಳಾಗಿ ಉಳಿದು, ನಡುವಿನ ಭಾಗವೆಲ್ಲ ಹಳದಿ. ಕೆಳಗಿನ ಹಳೆಯ ಎಲೆಗಳು ಕಡುಹಸಿರಾಗಿಯೇ ಇವೆ. ಬೆಂಗಳೂರಿನಲ್ಲಿ ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನೆಚ್ಚಿದ ಮನೆಗಳ ತಾರಸಿಯಲ್ಲಿ ಇಂಥ ಗಿಡಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಗುಲಾಬಿ, ನಿಂಬೆ, ದಾಸವಾಳಗಳೂ ಹೀಗೆಯೇ ಬಿಳಿಚಿಕೊಳ್ಳುತ್ತವೆ. ಗೊಬ್ಬರ ಸಾಲದಾಯಿತೆಂದು ಮನೆಯವರು ಇನ್ನೊಂದು ಹಿಡಿ ಎರೆಗೊಬ್ಬರ ಹಾಕುತ್ತಾರೆ, ಮೊಟ್ಟೆ ಸಿಪ್ಪೆ ಪುಡಿಮಾಡಿ ಉದುರಿಸುತ್ತಾರೆ, ಒಲೆಯ ಬೂದಿ ಬೆರೆಸುತ್ತಾರೆ. ಚಿಗುರು ಇನ್ನಷ್ಟು ಹಳದಿಯಾಗುತ್ತದೆ.

ಗಿಡಕ್ಕೆ ಕೊರತೆ ಇರುವುದು ನಿಜ, ಅದು ಕಬ್ಬಿಣದ ಕೊರತೆ. ಹಾಗೆಂದು ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಬೆಂಗಳೂರಿನ ಕೆಮ್ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಇದ್ದದ್ದು ಬೇರಿಗೆ ದಕ್ಕದಂತೆ ತಡೆಯುತ್ತಿರುವುದು ಹೆಚ್ಚಾಗಿ ದಿನವೂ ಹಾಕುವ ನೀರು.

ಮಳೆನೀರು ನೆಲದೊಳಗೆ ಇಳಿಯುವಾಗ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ಆಮ್ಲ ಬಂಡೆಯ ಖನಿಜಗಳನ್ನು ನಿಧಾನವಾಗಿ ಕರಗಿಸುತ್ತದೆ. ನೂರಾರು ಅಡಿ ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳು ಸೇರಿಕೊಳ್ಳುತ್ತವೆ. ಬೇಳೆ ಬೇಯಿಸದ, ಸೋಪು ನೊರೆಯಾಗದ, ಗೀಸರಿನ ಕಾಯಿಲ್‌ಗೆ ಬಿಳಿ ಪದರ ಕಟ್ಟುವ ಗಡಸು ನೀರು ಇದೇ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಆಗಿ ಬರುವ ಕಾವೇರಿ ನೀರು ನದಿಯದ್ದಾದ್ದರಿಂದ ಸಾಮಾನ್ಯವಾಗಿ ಇಷ್ಟು ಗಡಸಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರ ವರೆಗೆ ಅವಕಾಶವುಂಟು. ಬೈಕಾರ್ಬೊನೇಟ್ ತರುವ ಕ್ಷಾರತೆಗೂ ಇವೇ ಮಿತಿಗಳು. ಕುಂಡದ ಗಿಡ ಇಷ್ಟನ್ನು ತಾಳುವುದಿಲ್ಲ, ಕ್ಷಾರತೆ 150 ದಾಟಿದರೆ ಎಚ್ಚರ ವಹಿಸಬೇಕು.

ಒಂದು ಸಣ್ಣ ಲೆಕ್ಕ ಹಾಕಬಹುದು. ಕ್ಷಾರತೆ 300 ಮಿಲಿಗ್ರಾಂ ಇರುವ ನೀರನ್ನು ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಹಾಕಿದರೆ, ವರ್ಷಕ್ಕೆ ಸುಮಾರು 55 ಗ್ರಾಂ ಸುಣ್ಣಕಲ್ಲಿನ ಪುಡಿ ಬೆರೆಸಿದ್ದಕ್ಕೆ ಸಮ. ಒಂದಷ್ಟು ತಳದ ತೂತಿನಿಂದ ಹರಿದುಹೋದರೂ ಉಳಿದದ್ದು ಅಲ್ಲೇ ಕೂರುತ್ತದೆ. ಹೊಲದಲ್ಲಾದರೆ ಆಳವಾದ ಮಣ್ಣಿದೆ, ಮಳೆ ತೊಳೆಯುತ್ತದೆ. ಕುಂಡದಲ್ಲಿರುವುದು ಕೆಲವೇ ಕಿಲೊ ಮಣ್ಣು. ಅದರ ರಸಸಾರ (pH) ಮೆಲ್ಲಗೆ ಏರಿ 7 ದಾಟುತ್ತದೆ. ರಸಸಾರ ಒಂದು ಅಂಕ ಏರಿದರೆ ಕಬ್ಬಿಣ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಕುಸಿಯುತ್ತದೆ. ಕಣಜ ತುಂಬಿದ್ದೂ ಬೀಗದ ಕೈ ಸಿಗದ ಮನೆಯಂತಾಗುತ್ತದೆ ಬೇರಿನ ಪಾಡು. ಸತು, ಮ್ಯಾಂಗನೀಸ್‌ಗಳೂ ಇದೇ ರೀತಿ ಕೈತಪ್ಪುತ್ತವೆ. ಮೊಟ್ಟೆ ಸಿಪ್ಪೆ ಎಂದರೆ ಬಹುಪಾಲು ಸುಣ್ಣವೇ, ಬೂದಿ ಕ್ಷಾರ. ಇಂಥ ಕುಂಡಕ್ಕೆ ಅವೆರಡೂ ಸಲ್ಲ.

ಹಳದಿ ಎಲೆಗೂ ಕಬ್ಬಿಣಕ್ಕೂ ಇರುವ ನಂಟು ಹೊಸ ಸಂಗತಿಯೇನಲ್ಲ. 1840ರ ದಶಕದಲ್ಲೇ ಫ್ರಾನ್ಸಿನ ಯೂಜೆಬ್ ಗ್ರೀ ಬಿಳಿಚಿದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣ ಲೇಪಿಸಿ, ಅವು ಮತ್ತೆ ಹಸಿರೇರುವುದನ್ನು ತೋರಿಸಿದ್ದ.

ಯಾವ ಎಲೆ ಮೊದಲು ಹಳದಿಯಾಯಿತು ಎಂಬುದನ್ನು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಶಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡ ಹಳೆಯ ಎಲೆಯಿಂದ ಅವನ್ನು ಹಿಂಪಡೆದು ಚಿಗುರಿಗೆ ಕಳಿಸುತ್ತದೆ, ಆದ್ದರಿಂದ ಕೆಳಗಿನ ಎಲೆಗಳು ಮೊದಲು ಸೊರಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ ಒಮ್ಮೆ ಕೂತ ಜಾಗ ಬಿಟ್ಟು ಕದಲುವುದು ಅಪರೂಪ. ಅವುಗಳ ಕೊರತೆ ಚಿಗುರಿನಲ್ಲೇ ಕಾಣಿಸಿಕೊಳ್ಳುತ್ತದೆ. ಇನ್ನರ್ಧ ಉತ್ತರ ಕುಂಡದ ಅಂಚಿನಲ್ಲಿದೆ. ಅಲ್ಲಿ ಕಟ್ಟಿದ ಬಿಳಿ ಹೊಪ್ಪಳೆಯ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ, ಅದು ನೀರು ಬಿಟ್ಟುಹೋದ ಸುಣ್ಣ.

ಗಡಸು ನೀರು ಬೇಡವೆಂದು ಮನೆಗೆ ಸಾಫ್ಟ್ನರ್ ಕೂರಿಸಿದವರ ಗಿಡಗಳಿಗೆ ಬೇರೆಯದೇ ಕಾಟ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಬೈಕಾರ್ಬೊನೇಟ್ ಹಾಗೆಯೇ ಉಳಿಯುತ್ತದೆ. ಸೋಡಿಯಂ ಹೆಚ್ಚಾದರೆ ಬೇರು ಪೊಟ್ಯಾಶಿಯಂ, ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡಿಯಾಗುತ್ತದೆ, ಎಲೆಯ ಅಂಚು ಸುಡುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಚೆಲ್ಲಲು ಮನಸ್ಸು ಬಾರದೆ ಗಿಡಕ್ಕೆ ಹಾಕುವವರು ಬಹಳ. ಮೂಲ ನೀರೇ ಗಡಸಾಗಿದ್ದರೆ ಇದರಲ್ಲಿ ಲವಣ ಇನ್ನೂ ಸಾಂದ್ರವಾಗಿರುತ್ತದೆ, ಅದು ನೆಲ ಒರೆಸಲು ಸರಿ. ಇನ್ನು ಆರ್‌ಓ ಶುದ್ಧೀಕರಿಸಿದ ನೀರಿನಲ್ಲಿ ಲವಣಗಳು ತೀರಾ ಕಡಿಮೆ. ಬರೀ ಕೋಕೋಪೀಟ್ ತುಂಬಿದ ಕುಂಡಕ್ಕೆ ಅದನ್ನೇ ಹಾಕುತ್ತ ಬಂದರೆ, ನಾರಿನ ಪುಡಿ ಇದ್ದಬದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಹಿಡಿದಿಟ್ಟುಕೊಂಡು ಗಿಡಕ್ಕೆ ಅವುಗಳದ್ದೇ ಕೊರತೆ ತರುತ್ತದೆ.

ಕರಾವಳಿಯಲ್ಲಿ ಚಿತ್ರವೇ ಬೇರೆ. ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ಬಾವಿಗಳ ನೀರು ಬಹುತೇಕ ಮೆದು, ತುಸು ಆಮ್ಲೀಯ. ಅಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆದು ಕೆಂಪಗೆ ಹೂಬಿಡುವ ಕೇಪುಳ, ಬಯಲುಸೀಮೆಯ ಬೋರ್ ನೀರು ಕುಡಿದರೆ ಬಿಳಿಚುತ್ತದೆ. ಕರಾವಳಿಯ ಕುಂಡಗಳಿಗೆ ಸುಣ್ಣದಂಶವೇ ಸಾಲದೆ ಹೋಗಬಹುದು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ತಲುಪದ ಗುರುತು. ನೀರು ಹಾಕುವುದರಲ್ಲಿ ಏರುಪೇರಾದರೂ ಹೀಗಾಗುವುದುಂಟು. ಮೊಟ್ಟೆ ಸಿಪ್ಪೆಗೆ, ಚಿಟಿಕೆ ಡಾಲಮೈಟಿಗೆ ಸರಿಯಾದ ಜಾಗ ಅಲ್ಲಿದೆ.

ಗಡಸು ನೀರಿನ ಮನೆಯಲ್ಲಿ ಸದ್ಯದ ಚೇತರಿಕೆಗೆ ಅನ್ನಭೇದಿ (ಫೆರಸ್ ಸಲ್ಫೇಟ್) ಉಂಟು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಬೇಕು. ಎಳೆಯ ಗಿಡಕ್ಕಾದರೆ ಮೊದಲು ಒಂದೆರಡು ಎಲೆಯ ಮೇಲೆ ಪರೀಕ್ಷಿಸುವುದು ಒಳ್ಳೆಯದು. ಅನ್ನಭೇದಿಯನ್ನು ಮಣ್ಣಿಗೆ ಸುರಿದರೆ ಕ್ಷಾರದಲ್ಲಿ ಅದೂ ಬೇಗನೆ ಸಿಕ್ಕಿಬೀಳುತ್ತದೆ. ಮಣ್ಣಿಗೇ ಕೊಡಬೇಕೆಂದರೆ, ಹಾಗೆ ಸಿಕ್ಕಿಬೀಳದಂತೆ ಹಿಡಿದಿಟ್ಟ ಕೀಲೇಟ್ ರೂಪದ ಕಬ್ಬಿಣ ಬೇಕು. ಅದರಲ್ಲೂ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರಸಸಾರ 6.5 ದಾಟಿದರೆ ಕೆಲಸ ಮಾಡುವುದು ಕಡಿಮೆ, ಇಡಿಡಿಎಚ್‌ಎ ರೂಪದ್ದು 9ರ ವರೆಗೂ ತಾಳುತ್ತದೆ. ಇದರ ಜೊತೆಗೆ ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಷ್ಟು ಒಳ್ಳೆಯ ನೀರು ಹಾಕಿದರೆ ಕೂತ ಲವಣ ತೊಳೆದುಹೋಗುತ್ತದೆ.

ನೀರು ಬದಲಾಗದಿದ್ದರೆ ಸಿಂಪಡಿಸಿದ ಎಲೆ ಹಸಿರಾದರೂ ಮುಂದಿನ ಚಿಗುರು ಮತ್ತೆ ಹಳದಿಯೇ. ಬದಲಿಗೆ ಮಳೆನೀರು ಇದೆ. 10 ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್, ಅಂದರೆ ಒಂದು ಡ್ರಮ್. ದಿನಕ್ಕೆ ಅರ್ಧ ಲೀಟರಿನಂತೆ 20 ಕುಂಡಗಳಿಗೆ ಅದು 20 ದಿನ ಸಾಕು. ಬೋರ್ ನೀರಿಗೆ ಸಮಪಾಲು ಬೆರೆಸಿದರೆ 40 ದಿನ ಬರುತ್ತದೆ, ಕ್ಷಾರತೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲ ಮಳೆಯಲ್ಲಿ ತಾರಸಿಯ ಕೊಳೆ ತೊಳೆದುಹೋಗಲಿ, ಆಮೇಲಿನದ್ದನ್ನು ಡ್ರಮ್ಮಿಗೆ ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಒತ್ತಾಗಿ ಬಟ್ಟೆ ಬಿಗಿಯಬೇಕು.