ಗಾಳದ ಕೋಲು: ಗಾಜುನಾರೋ, ಗ್ರಾಫೈಟೋ?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಹಾನಗಲ್ಲಿನ ಆನಿಕೆರೆ, ಶಿಗ್ಗಾಂವಿ ಕಡೆಯ ನಾಗನೂರು ಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ ಮೊದಲಾದವು ಹೆಸರಾದವು. ಇವಲ್ಲದೆ ಊರೂರಿಗೆ ಚಿಕ್ಕ ಕೆರೆಗಳಿವೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ, ವರದಾ, ಧರ್ಮಾ, ಕುಮುದ್ವತಿ ನದಿಗಳ ಮಡುಗಳಿವೆ. ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಮೀನು ಹಿಡಿಯುವುದು ಇಲ್ಲಿ ಹಳೆಯ ರೂಢಿ. ಈಗ ರೀಲು ಜೋಡಿಸಿದ ಕಾರ್ಖಾನೆಯ ಕೋಲೂ, ಕಪ್ಪೆಯ ಅಥವಾ ಮರಿಮೀನಿನ ಆಕಾರದ ಹುಸಿ ಎರೆಯೂ ಹಳ್ಳಿಗಳಿಗೆ ಬಂದಿವೆ. ಅಂಗಡಿಗೆ ಹೋದವನ ಮುಂದೆ ಎರಡು ಬಗೆಯ ಕೋಲುಗಳನ್ನು ಇಡುತ್ತಾರೆ. ಒಂದು ಗಾಜುನಾರಿನದು, ಅಂದರೆ ಫೈಬರ್ ಗ್ಲಾಸ್. ಇನ್ನೊಂದು ಗ್ರಾಫೈಟಿನದು, ಅಂಗಡಿಯವರು ಇದನ್ನು ಕಾರ್ಬನ್ ಎನ್ನುವುದೂ ಉಂಟು. ಬೆಲೆ ಹೆಚ್ಚಿದ್ದೇ ಒಳ್ಳೆಯದೆಂದು ಕೊಳ್ಳುವವರು ಬಹಳ. ಆದರೆ ಕೋಲನ್ನು ಆರಿಸಬೇಕಾದುದು ಬೆಲೆ ನೋಡಿ ಅಲ್ಲ. ಬಳಸುವ ಎರೆಯನ್ನೂ ಮೀನು ಹಿಡಿಯುವ ಸ್ಥಳವನ್ನೂ ನೋಡಿ.

ಬಾಸ್ ಮೀನೂ ನಮ್ಮ ಮರಲ್ ಮೀನೂ

ಇಂಥ ಕೋಲುಗಳ ಮೇಲೆ 'ಬಾಸ್' ಎಂಬ ಹೆಸರು ಅಚ್ಚಾಗಿರುವುದುಂಟು. ಬಾಸ್ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಮೀನು. ನಮ್ಮ ಕೆರೆಗಳಲ್ಲಿ ಅದಿಲ್ಲ. ಅದರಂತೆ ಜೊಂಡು, ಕಳೆ, ಮರದ ಬೊಡ್ಡೆಗಳ ಮರೆಯಲ್ಲಿ ನಿಂತು ಕಪ್ಪೆಯ ಮೇಲೆ, ಚಿಕ್ಕ ಮೀನಿನ ಮೇಲೆ ಎರಗುವ ಮೀನು ನಮ್ಮಲ್ಲಿ ಮರಲ್. ಕೆಲವೆಡೆ ಇದಕ್ಕೆ ಕೊರವ, ಕುಚ್ಚು ಎಂದೂ ಹೇಳುತ್ತಾರೆ. ಕಾಟ್ಲಾ, ರೋಹು ಮೀನುಗಳು ಇಂಥ ಹುಸಿ ಎರೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದುದರಿಂದ ಅಮೆರಿಕದಲ್ಲಿ ಬಾಸ್ ಮೀನಿಗಾಗಿ ತಯಾರಾದ ಕೋಲು ನಮ್ಮಲ್ಲಿ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಮರಲ್ ಮೀನಿಗೆ.

ರೈತನಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಮೀನುಮರಿ ಬಿಟ್ಟ ಹೊಂಡಕ್ಕೆ ಮರಲ್ ಸೇರಿಕೊಂಡರೆ ಮರಿಗಳನ್ನು ತಿಂದುಹಾಕುತ್ತದೆ. ಬೊಡ್ಡೆ, ಕಳೆ ಇರುವ ಕಡೆ ಬಲೆ ಎಳೆಯಲು ಬಾರದು. ಅಲ್ಲಿ ಗಾಳ ನೆರವಾಗುತ್ತದೆ. ಆದರೆ ಗಾಳವೊಂದರಿಂದಲೇ ಹೊಂಡ ಪೂರ್ತಿ ಶುದ್ಧವಾಗುವುದಿಲ್ಲ. ಮರಿ ಬಿಡುವ ಮೊದಲು ನೀರು ಖಾಲಿ ಮಾಡಿ ಒಣಗಿಸುವುದೇ ಅದಕ್ಕೆ ಸರಿಯಾದ ಕ್ರಮ.

ಎರಡರ ಗುಣಭೇದ

ಎರಡೂ ಕೋಲುಗಳು ನಾರನ್ನು ಅಂಟಿನಲ್ಲಿ ಅದ್ದಿ, ಸುತ್ತಿ, ಕಾಯಿಸಿ ಮಾಡಿದ ಟೊಳ್ಳು ಕೊಳವೆಗಳು. ಗಾಜುನಾರಿನಲ್ಲಿ ಗಟ್ಟಿ ಕೋಲುಗಳೂ ಸಿಗುತ್ತವೆ. ಭೇದವಿರುವುದು ನಾರಿನಲ್ಲಿ. ಗಾಜುನಾರಿನ ಕೋಲುಗಳು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು. ಬಲವಾದ ಕಾರ್ಬನ್ ನಾರನ್ನು ತಯಾರಿಸುವ ವಿಧಾನವನ್ನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ 1960ರ ದಶಕದಲ್ಲಿ ರೂಪಿಸಲಾಯಿತು. ಆ ನಾರಿನ ಗಾಳದ ಕೋಲುಗಳು 1970ರ ದಶಕದಲ್ಲಿ ಮಾರಾಟಕ್ಕೆ ಬಂದವು.

ಗಾಜುನಾರು ಒಂದು ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ ತೂಗುತ್ತದೆ, ಕಾರ್ಬನ್ ನಾರು ಸುಮಾರು 1.8 ಗ್ರಾಂ. ಬಿಗಿತದಲ್ಲಿ ಕಾರ್ಬನ್ ನಾರು ಗಾಜುನಾರಿಗಿಂತ ಮೂರು ಪಟ್ಟು ಹೆಚ್ಚು. ಆದುದರಿಂದ ಅಷ್ಟೇ ಬಿಗಿಯಾದ ಕೋಲನ್ನು ಕಾರ್ಬನ್ನಿನಲ್ಲಿ ತೆಳುವಾಗಿ, ಹಗುರವಾಗಿ ಮಾಡಬಹುದು. ಆದರೆ ಗಾಜುನಾರು ಮುರಿಯುವ ಮೊದಲು ನೂರಕ್ಕೆ 4ರಿಂದ 5ರಷ್ಟು ಹಿಗ್ಗುತ್ತದೆ. ಸಾಮಾನ್ಯ ಕಾರ್ಬನ್ ನಾರು 1.5ರಿಂದ 2ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಇದನ್ನು ಹೀಗೆ ತಿಳಿಯಬಹುದು: ಗಾಜುನಾರಿನ ಕೋಲು ಬಾಗಿ ತಾಳಿಕೊಳ್ಳುತ್ತದೆ; ಗ್ರಾಫೈಟ್ ಕೋಲು ಬಿಗಿಯಾಗಿ ನಿಲ್ಲುತ್ತದೆ, ಮಿತಿ ಮೀರಿದರೆ ಒಮ್ಮೆಲೇ ಮುರಿಯುತ್ತದೆ.

ಹಗುರವಾಗಿ ಬಿಗಿಯಾಗಿರುವುದರಿಂದ ಗ್ರಾಫೈಟ್ ಕೋಲಿನಲ್ಲಿ ನೀರೊಳಗಿನ ಚಿಕ್ಕ ತಾಕಲಾಟವೂ ಕೈಗೆ ತಿಳಿಯುತ್ತದೆ. ಎರೆ ಕಲ್ಲಿಗೆ ತಾಗಿತೋ, ಕಳೆಗೆ ಸಿಕ್ಕಿತೋ, ಮೀನು ಮುಟ್ಟಿತೋ ಎಂಬುದನ್ನು ಅನುಭವಿ ಗುರುತಿಸಬಲ್ಲ. ಗಾಜುನಾರಿನಲ್ಲಿ ಈ ಸುದ್ದಿ ಮಂದವಾಗಿ ಬರುತ್ತದೆ. ನಿಮಿಷಕ್ಕೆ ಎರಡು ಸಲದಂತೆ ಎಸೆದರೂ ಮೂರು ತಾಸಿನಲ್ಲಿ 360 ಸಲ ಎಸೆದಂತಾಯಿತು. ಅಷ್ಟು ಹೊತ್ತಿಗೆ ಕೋಲಿನ ತೂಕ ತೋಳಿಗೆ ತಿಳಿಯದೆ ಇರದು.

ಎರೆಗೆ ತಕ್ಕ ಕೋಲು

ಹುಸಿ ಎರೆಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

1. ತುಟಿಯುಳ್ಳ ಮರಿಮೀನಿನ ಆಕಾರದ ಎರೆ: ಇದರ ಮೂತಿಗೆ ಚಿಕ್ಕ ತಗಡಿನಂಥ ತುಟಿ ಇರುತ್ತದೆ. ಎಳೆದಾಗ ಮುಳುಗಿ ಅಲುಗಾಡುತ್ತ ಬರುತ್ತದೆ. ಕೆಳಗೆ ಮೂರು ಮೊನೆಯ ಸಣ್ಣ ಕೊಕ್ಕೆಗಳಿರುತ್ತವೆ. ಮೀನು ಕಚ್ಚಿದ ಕೂಡಲೇ ಬಿಗಿಯಾದ ಕೋಲಿನಿಂದ ಜಗ್ಗಿದರೆ ಎರೆ ಅದರ ಬಾಯಿಂದ ಹೊರಬರುತ್ತದೆ, ಇಲ್ಲವೆ ಸಣ್ಣ ಕೊಕ್ಕೆ ತುಟಿ ಹರಿದುಕೊಂಡು ಕಳಚುತ್ತದೆ. ಗಾಜುನಾರಿನ ಕೋಲು ಬಾಗುವುದರಿಂದ ಮೀನು ಎರೆಯನ್ನು ಪೂರ್ತಿ ಬಾಯಿಗೆ ತೆಗೆದುಕೊಳ್ಳಲು ಕ್ಷಣಕಾಲ ಅವಕಾಶ ಸಿಗುತ್ತದೆ. ಮೀನು ತಲೆ ಒದರಿದರೂ ದಾರ ಸಡಿಲಾಗುವುದಿಲ್ಲ. ಈ ಎರೆಗೆ ಗಾಜುನಾರೇ ಮೇಲು.

2. ಕಪ್ಪೆಯಾಕಾರದ ರಬ್ಬರ್ ಎರೆ: ಕಳೆಯ ಮೇಲೆ ಜಾರಿಸಿಕೊಂಡು ಬರುವುದು. ಇದರ ಕೊಕ್ಕೆಗಳು ದಪ್ಪ. ಮರಲ್ ಮೀನಿನ ದವಡೆ ಗಟ್ಟಿ. ಕೊಕ್ಕೆ ನಾಟಬೇಕಾದರೆ ಬಲವಾಗಿ ಜಗ್ಗಬೇಕು. ಕಚ್ಚಿದ ಮೀನು ಜೊಂಡಿನ ಬುಡಕ್ಕೆ ನುಗ್ಗುವ ಮೊದಲೇ ಮೇಲೆಳೆಯಬೇಕು. ಇಲ್ಲಿ ದಪ್ಪ ಬುಡದ ಬಿಗಿಯಾದ ಗ್ರಾಫೈಟ್ ಕೋಲು, ಹೆಣೆದ ದಾರ ಸೂಕ್ತ. ಭಾರದ ಗಾಜುನಾರಿನ ಕೋಲಿನಿಂದಲೂ ಕೆಲಸ ನಡೆಯುತ್ತದೆ; ಕೈ ಬೇಗ ಸೋಲುತ್ತದೆ.

3. ತಳದಲ್ಲಿ ನಿಧಾನವಾಗಿ ಎಳೆಯುವ ಮೆತ್ತನೆಯ ಹುಳುವಿನಾಕಾರದ ಎರೆ: ಮೀನು ಮುಟ್ಟಿದ್ದು ಕೈಗೆ ತಿಳಿಯುವುದೇ ಇಲ್ಲಿ ಮುಖ್ಯ. ಇದಕ್ಕೆ ಗ್ರಾಫೈಟ್ ಒಳ್ಳೆಯದು.

ಸ್ಥಳದ ವಿಚಾರವೂ ಇದೇ ರೀತಿ. ಮಲೆನಾಡಿನ ಸೆರಗಿಗಿರುವ ಹಾನಗಲ್ಲ ಕಡೆ ಭತ್ತದ ಗದ್ದೆಗಳ ನಡುವಿನ, ಕಳೆ ಮುಚ್ಚಿದ ಕೆರೆಗೆ ಕಪ್ಪೆ ಎರೆಯೂ ಬಿಗಿ ಕೋಲೂ ಹೊಂದುತ್ತವೆ. ಸವಣೂರು, ಶಿಗ್ಗಾಂವಿ ಕಡೆಯ ಬಯಲಿನಲ್ಲಿ ಕಳೆ ಕಡಿಮೆಯಿರುವ ತೆರೆದ ನೀರಿಗೆ ತುಟಿಯುಳ್ಳ ಎರೆಯೂ ಗಾಜುನಾರೂ ಸಾಕು. ಹಿರೇಕೆರೂರು ಕಡೆಯ ಗುಡ್ಡದ ಮಗ್ಗುಲಿನ ಕೆರೆಗಳಲ್ಲಿ ದಂಡೆಯ ಕಲ್ಲಿಗೆ ಕೋಲು ಬಡಿಯುವ ಸಂಭವವುಂಟು. ಗ್ರಾಫೈಟಿಗೆ ಬಿದ್ದ ಚಿಕ್ಕ ಗಾಯವೂ ಮುಂದೆ ಮುರಿತಕ್ಕೆ ಕಾರಣವಾಗುತ್ತದೆ. ಗಾಜುನಾರು ಅಂಥ ಪೆಟ್ಟನ್ನು ಹೆಚ್ಚು ತಾಳುತ್ತದೆ. ಹೊಸದಾಗಿ ಕಲಿಯುವವರಿಗೆ, ಮಕ್ಕಳಿಗೆ, ಒಂದೇ ಕೋಲಿನಲ್ಲಿ ಎಲ್ಲವನ್ನೂ ಸಾಗಿಸಬೇಕೆನ್ನುವವರಿಗೆ ಗಾಜುನಾರಿನ ಅಥವಾ ಎರಡೂ ನಾರು ಬೆರೆತ ಕೋಲು ಹಿತಕರ.

ವಿದ್ಯುತ್ ತಂತಿಯ ಎಚ್ಚರಿಕೆ

ಮೀನು ತಪ್ಪಿದರೆ ಮತ್ತೊಂದು ಸಿಕ್ಕೀತು; ಈ ಒಂದು ವಿಷಯದಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಗ್ರಾಫೈಟ್ ವಿದ್ಯುತ್ತನ್ನು ಹರಿಸುವ ವಸ್ತು. ಹೊಲಗಳ ಮೇಲೆ, ಕೆರೆಯ ಏರಿಯ ಪಕ್ಕದಲ್ಲಿ 11 ಸಾವಿರ ವೋಲ್ಟಿನ ತಂತಿಗಳೂ, ಪಂಪ್‌ಸೆಟ್ಟಿಗೆ ಹೋಗುವ 400 ವೋಲ್ಟಿನಷ್ಟರ ತಂತಿಗಳೂ ಹಾಯ್ದಿರುತ್ತವೆ. ಕರಿಮಣ್ಣಿನಲ್ಲಿ ಕಂಬ ವಾಲಿದರೆ ತಂತಿ ಜೋತು ಬೀಳುತ್ತದೆ. ಮನುಷ್ಯ ಕೈ ಎತ್ತಿದರೆ ಸುಮಾರು 7 ಅಡಿ, ಕೋಲು 7 ಅಡಿ; ಕೋಲಿನ ತುದಿ 14 ಅಡಿ ಎತ್ತರಕ್ಕೆ ಹೋಗುತ್ತದೆ. ಹೆಚ್ಚು ವೋಲ್ಟಿನ ತಂತಿಗೆ ತಾಗದೆ, ತೀರ ಹತ್ತಿರ ಹೋದರೂ ವಿದ್ಯುತ್ ಹಾರಿ ಬರಬಹುದು. ಅಡಿಕೆ ತೋಟಗಳಲ್ಲಿ ಬಳಸುವ ಕಾರ್ಬನ್ ದೋಟಿಗೂ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಗಾಜುನಾರು ಒಣಗಿದ್ದಾಗ ವಿದ್ಯುತ್ತನ್ನು ಹರಿಸುವುದಿಲ್ಲ. ಆದರೆ ನೀರು, ಕೆಸರು ಮೆತ್ತಿದ ಕೋಲನ್ನೂ ಒದ್ದೆ ದಾರವನ್ನೂ ನಂಬಲಾಗದು. ಆದುದರಿಂದ ಯಾವ ಕೋಲಾದರೂ ತಂತಿಯ ಕೆಳಗೆ ಎಸೆಯಲೇಬಾರದು. ತಂತಿ ದಾಟುವಾಗ ಕೋಲನ್ನು ಬಿಚ್ಚಿ, ನೆಲಕ್ಕೆ ಅಡ್ಡವಾಗಿ ಹಿಡಿದು ಸಾಗಬೇಕು. ದಾರ ತಂತಿಗೆ ಸಿಕ್ಕಿಕೊಂಡರೆ ಎಳೆಯಬಾರದು. ಕೋಲನ್ನು ಬಿಟ್ಟು ದೂರ ಸರಿದು ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು. ಯಾರಿಗಾದರೂ ವಿದ್ಯುತ್ ತಗುಲಿದರೆ ಪ್ರವಾಹ ನಿಲ್ಲಿಸಿದ್ದು ಖಚಿತವಾಗುವವರೆಗೆ ಮುಟ್ಟಲು ಹೋಗಬಾರದು. 108ಕ್ಕೆ ಕರೆ ಮಾಡಬೇಕು. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ನೀರಿನ ಅಂಚನ್ನು ಬಿಡಬೇಕು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ಕೊಳ್ಳುವಾಗ ನೋಡಬೇಕಾದ ಅಂಶಗಳು

ಕೋಲಿನ ಬುಡದಲ್ಲಿ ಎಷ್ಟು ತೂಕದ ಎರೆ, ಎಷ್ಟು ಪೌಂಡಿನ ದಾರ ಎಂದು ಬರೆದಿರುತ್ತದೆ. ತಾನು ಬಳಸುವ ಎರೆಯ ತೂಕ ಆ ಮಿತಿಯಲ್ಲಿರಬೇಕು. 'ಕಾರ್ಬನ್' ಎಂದು ಬರೆದ ಕೋಲುಗಳಲ್ಲಿ ಕೆಲವಕ್ಕೆ ಗಾಜುನಾರು ಬೆರೆಸಿರುತ್ತಾರೆ. ನೂರಕ್ಕೆ ಎಷ್ಟು ಪಾಲು ಎಂದು ಕೇಳಿ ತಿಳಿಯಬೇಕು. ನಾರಿನ ಬಿಗಿತ ತೋರಿಸಲು ತಯಾರಕರು ಹಾಕುವ ಅಂಕೆಗಳು ಎಲ್ಲರಲ್ಲೂ ಒಂದೇ ಅಳತೆಯವಲ್ಲ. ಅಂಕೆ ದೊಡ್ಡದಿದ್ದ ಮಾತ್ರಕ್ಕೆ ಕೋಲು ಗಟ್ಟಿಯೆಂದು ತಿಳಿಯಬಾರದು. ರೀಲು ಜೋಡಿಸಿ ಹಿಡಿದು ತೂಕದ ಸಮತೋಲ ನೋಡಬೇಕು. ಜೋಡಿಸುವ ಕೀಲು ಅಲುಗಾಡಬಾರದು. ದಾರ ಹಾಯುವ ಉಂಗುರಗಳಲ್ಲಿ ಸೀಳಿದೆಯೇ ಎಂದು ತಿಳಿಯಲು ಹತ್ತಿಯ ಎಳೆಯನ್ನು ಒಳಗೆ ಆಡಿಸಬೇಕು. ಎಳೆ ಸಿಕ್ಕಿಕೊಂಡರೆ ಆ ಉಂಗುರ ದಾರವನ್ನು ಕೊಯ್ಯುತ್ತದೆಂದು ತಿಳಿಯಬೇಕು.

ಬಳಕೆ ಮತ್ತು ಜೋಪಾಸನೆ

ಮೀನನ್ನು ದಡಕ್ಕೆ ತರುವಾಗ ಕೋಲನ್ನು ನೆಟ್ಟಗೆ ತಲೆಯ ಹಿಂದಕ್ಕೆ ಎತ್ತಬಾರದು. ಆಗ ಭಾರವೆಲ್ಲ ತೆಳುವಾದ ತುದಿಯ ಮೇಲೆ ಬಿದ್ದು ಗ್ರಾಫೈಟ್ ಮುರಿಯುತ್ತದೆ. ಕಳೆಗೆ ಸಿಕ್ಕ ಎರೆಯನ್ನು ಬಿಡಿಸಲು ಕೋಲನ್ನು ದಾರದ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನೇ ಎಳೆಯಬೇಕು. ಮೋಟಾರ್ ಸೈಕಲ್ಲಿನ ಮೇಲೆ ಒಯ್ಯುವಾಗ ಪಿ.ವಿ.ಸಿ. ಕೊಳವೆಯೊಳಗೆ ಇಟ್ಟರೆ ಪೆಟ್ಟು ತಗುಲದು. ಬಳಸಿದ ಮೇಲೆ ಒರೆಸಿ ನೆರಳಿನಲ್ಲಿಡಬೇಕು. ಸತತ ಬಿಸಿಲಿಗೆ ಅಂಟು ಸವೆದು ಗಾಜುನಾರು ಮೇಲೇಳುತ್ತದೆ, ಕೈಗೆ ಚುಚ್ಚುತ್ತದೆ. ಮುರಿದ ಕೋಲಿನ ಸೀಳುಗಳನ್ನು ಬರಿಗೈಯಿಂದ ಮುಟ್ಟಬಾರದು, ಒಲೆಗೆ ಹಾಕಿ ಸುಡಬಾರದು.

ಕೆರೆಯ ಮರ್ಯಾದೆ

ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಅಥವಾ ಗುತ್ತಿಗೆದಾರರ ವಶದಲ್ಲಿರುತ್ತದೆ; ಚಿಕ್ಕ ಕೆರೆಗಳದು ಗ್ರಾಮ ಪಂಚಾಯತಿಯದಾಗಿರುತ್ತದೆ. ಅನುಮತಿ ಪಡೆದೇ ಗಾಳ ಹಾಕಬೇಕು. ಮಳೆಗಾಲದಲ್ಲಿ ಮರಲ್ ಮರಿ ಮಾಡುತ್ತದೆ. ಕೆಂಪು ಛಾಯೆಯ ಸಣ್ಣ ಮರಿಗಳ ಗುಂಪು ನೀರಿನ ಮೇಲೆ ಕಂಡರೆ ಕೆಳಗೆ ತಾಯಿ ತಂದೆ ಮೀನುಗಳು ಕಾವಲಿವೆ ಎಂದರ್ಥ. ಆಗ ಅವು ಹತ್ತಿರ ಬಂದ ಯಾವುದಕ್ಕೂ ಎರಗುವುದರಿಂದ ಸುಲಭವಾಗಿ ಸಿಗುತ್ತವೆ. ಅವನ್ನು ಹಿಡಿದರೆ ಮರಿಗಳ ಗುಂಪೆಲ್ಲ ಇತರ ಮೀನು, ಹಕ್ಕಿಗಳ ಪಾಲಾಗುತ್ತದೆ. ಊರಿನ ಕೆರೆಯಲ್ಲಿ ಅವನ್ನು ಬಿಡುವುದೇ ಜಾಣತನ.

ಸಾರಾಂಶ

ತೆರೆದ ನೀರು, ತುಟಿಯುಳ್ಳ ಎರೆ, ಕಲ್ಲಿನ ದಂಡೆ, ಹೊಸ ಕೈ — ಇವುಗಳಿಗೆ ಗಾಜುನಾರು. ದಟ್ಟ ಕಳೆ, ಕಪ್ಪೆ ಎರೆ, ತಳದ ಮೆತ್ತನೆಯ ಎರೆ, ದಿನವಿಡೀ ಎಸೆತ — ಇವುಗಳಿಗೆ ಗ್ರಾಫೈಟ್. ತಂತಿಯ ಕೆಳಗೆ ಎರಡೂ ಬೇಡ. ಮೊದಲು ಎರೆ ಯಾವುದು, ನೀರು ಎಂಥದು ಎಂದು ನಿರ್ಧರಿಸಿ ಅನಂತರ ಅಂಗಡಿಗೆ ಹೋದರೆ ಹಣವೂ ಉಳಿಯುತ್ತದೆ, ಕೋಲೂ ಬಹುಕಾಲ ಬಾಳುತ್ತದೆ.